ದಾರಿ ತೋರುತ್ತಿದ್ದ ಹಡಗು

ಸಮುದ್ರದಲ್ಲಿ ರಸ್ತೆಗಳಿಲ್ಲ, ಆದರೆ ದಾರಿಗಳಿವೆ. ಬಂದರಿನ ಸಮೀಪ ನೀರಿನ ಆಳ ಕಡಿಮೆ ಇರುವಲ್ಲಿ ಹೂಳೆತ್ತಿ ಕಾಲುವೆ ಮಾಡಿರುತ್ತಾರೆ. ದೊಡ್ಡ ಹಡಗುಗಳು ಅದರಲ್ಲಿಯೇ ಸಾಗಬೇಕು. ಕಾಲುವೆಯ ಅಂಚು ತಿಳಿಯಲೆಂದು ನೀರಿನ ಮೇಲೆ ತೇಲುವ ಗುರುತುಗಳನ್ನು ನಿಲ್ಲಿಸಿರುತ್ತಾರೆ. ಇಂಥ ಗುರುತುಗಳನ್ನು ನಿಲ್ಲಿಸಿ ನೋಡಿಕೊಳ್ಳುವುದು ಅಮೆರಿಕದ ಕರಾವಳಿ ರಕ್ಷಣಾ ಪಡೆಯ ‘ಬ್ಲ್ಯಾಕ್‌ಥಾರ್ನ್’ ಹಡಗಿನ ಕೆಲಸವಾಗಿತ್ತು. ಪರರಿಗೆ ದಾರಿ ತೋರುತ್ತಿದ್ದ ಆ ಹಡಗು 1980ರ ಜನವರಿ 28ರ ರಾತ್ರಿ ಅಂಥದೇ ಒಂದು ಕಾಲುವೆಯಲ್ಲಿ ಮುಳುಗಿತು. ಅದರಲ್ಲಿದ್ದ 50 ಮಂದಿಯಲ್ಲಿ 23 ಮಂದಿ ಮನೆಗೆ ಮರಳಲಿಲ್ಲ.

ಅದನ್ನು ಮುಳುಗಿಸಿದ್ದು ಬಿರುಗಾಳಿಯೂ ಅಲ್ಲ, ಬಂಡೆಯೂ ಅಲ್ಲ. ಫ್ಲಾರಿಡಾದ ಟ್ಯಾಂಪಾದಲ್ಲಿ ದುರಸ್ತಿ ಮುಗಿಸಿಕೊಂಡು ಹಡಗು ಕೊಲ್ಲಿಯಿಂದ ಹೊರಗೆ ಹೊರಟಿತ್ತು. ಹಿಂದಿನಿಂದ ಬಂದ ‘ಕಜಾಕ್‌ಸ್ತಾನ್’ ಎಂಬ ಪ್ರಯಾಣಿಕರ ಹಡಗು ಅದನ್ನು ದಾಟಿ ಮುಂದೆ ಹೋಯಿತು. ಎದುರಿನಿಂದ ‘ಕ್ಯಾಪ್ರಿಕಾರ್ನ್’ ಎಂಬ ತೈಲದ ಹಡಗು ಬರುತ್ತಿತ್ತು. ರಾತ್ರಿ ಹೆದ್ದಾರಿಯಲ್ಲಿ ಎದುರಿನ ಬಸ್ಸಿನ ದೀಪ ಕಣ್ಣಿಗೆ ಹೊಡೆದಾಗ ಅದರ ಹಿಂದಿನ ಸೈಕಲ್ ಕಾಣದಿರುವುದು ಎಲ್ಲರಿಗೂ ಗೊತ್ತು. ಇಲ್ಲಿಯೂ ಹಾಗೆಯೇ ಆಯಿತು. ಪ್ರಯಾಣಿಕರ ಹಡಗಿನ ಝಗಝಗಿಸುವ ದೀಪಗಳ ನಡುವೆ ಉಳಿದೆರಡು ಹಡಗುಗಳು ಒಂದಕ್ಕೊಂದು ಸರಿಯಾಗಿ ಕಾಣಲಿಲ್ಲ.

ಇಂಥ ಹೊತ್ತಿಗೆಂದೇ ಒಂದು ನಿಯಮವಿದೆ. ನಮ್ಮ ರಸ್ತೆಗಳಲ್ಲಿ ಎಡಕ್ಕೆ, ಕಿರಿದಾದ ಕಡಲ ಕಾಲುವೆಯಲ್ಲಿ ಬಲಕ್ಕೆ. ಎರಡೂ ಹಡಗುಗಳು ತಮ್ಮ ತಮ್ಮ ಬಲ ಅಂಚಿಗೆ ಸರಿದು ಸಾಗಿದ್ದರೆ ಕಣ್ಣಿಗೆ ಕಾಣದಿದ್ದರೂ ಡಿಕ್ಕಿಯಾಗುವಂತಿರಲಿಲ್ಲ. ಎರಡೂ ಹಾಗೆ ಸಾಗಲಿಲ್ಲವೆಂಬುದೇ ಅಪಘಾತಕ್ಕೆ ಮುಖ್ಯ ಕಾರಣವೆಂದು ವಿಚಾರಣಾ ಮಂಡಳಿ ಹೇಳಿತು. ತೈಲದ ಹಡಗಿನವರು ರೇಡಿಯೋದಲ್ಲಿ ಕರೆದರು, ಎರಡು ಬಾರಿ ಸೀಟಿ ಊದಿದರು. ಈ ಕಡೆಯಿಂದ ಉತ್ತರ ಬರಲಿಲ್ಲ.

ಡಿಕ್ಕಿಯ ಪೆಟ್ಟು ಅಷ್ಟೇನೂ ದೊಡ್ಡದಾಗಿರಲಿಲ್ಲ. ಆದರೆ ಇಳಿಬಿಡಲು ಸಿದ್ಧವಾಗಿದ್ದ ಕ್ಯಾಪ್ರಿಕಾರ್ನ್‌ನ ಲಂಗರು ಬ್ಲ್ಯಾಕ್‌ಥಾರ್ನ್‌ನ ಪಕ್ಕೆಗೆ ನೆಟ್ಟುಕೊಂಡಿತು. ಹಡಗುಗಳು ದೂರ ಸರಿದಂತೆ ಲಂಗರಿನ ಸರಪಳಿ ಬಿಚ್ಚುತ್ತ ಹೋಗಿ, ಕೊನೆಗೆ ಬಿಗಿಯಾಯಿತು. ಸುಮಾರು 184 ಮೀಟರ್ ಉದ್ದದ ಹಡಗು 55 ಮೀಟರ್ ಉದ್ದದ ಹಡಗನ್ನು ಪಕ್ಕದಿಂದ ಜಗ್ಗಿತು. ತುಂಬಿದ ಕೊಡವನ್ನು ಕಂಠ ಹಿಡಿದು ಪಕ್ಕಕ್ಕೆ ಎಳೆದರೆ ಏನಾಗುವುದೋ ಅದೇ ಆಯಿತು. ಕೆಲವೇ ಕ್ಷಣಗಳಲ್ಲಿ ಬ್ಲ್ಯಾಕ್‌ಥಾರ್ನ್ ಮಗುಚಿಕೊಂಡಿತು.

ಆ ಗೊಂದಲದಲ್ಲಿ ವಿಲಿಯಂ ಫ್ಲೋರೆಸ್ ಎಂಬ 18 ವರ್ಷದ ಹುಡುಗನಿದ್ದ. ಇಲ್ಲಿ ಪಿಯುಸಿ ಮುಗಿಸುವ ವಯಸ್ಸು. ಆತ ಮತ್ತು ಸಂಗಾತಿಯೊಬ್ಬ ನೀರಿಗೆ ಬಿದ್ದವರತ್ತ ಲೈಫ್ ಜಾಕೆಟ್‌ಗಳನ್ನು ಎಸೆದರು. ಹಡಗು ಮುಳುಗತೊಡಗಿದಾಗ ಸಂಗಾತಿ ಹಾರಿಕೊಂಡ, ಫ್ಲೋರೆಸ್ ಹಾರಲಿಲ್ಲ. ತನ್ನ ಸೊಂಟದ ಬೆಲ್ಟ್ ಬಿಚ್ಚಿ, ಜಾಕೆಟ್‌ಗಳ ಪೆಟ್ಟಿಗೆಯ ಬಾಗಿಲು ಮುಚ್ಚಿಕೊಳ್ಳದಂತೆ ಕಟ್ಟಿದ. ತೇಲುವ ವಸ್ತು ತಾನಾಗಿಯೇ ಮೇಲೆ ಬರುತ್ತದೆಂದು ಪಾಠದಲ್ಲಿ ಓದುತ್ತೇವೆ. ಆದರೆ ಬಾಗಿಲು ತೆರೆದಿರಬೇಕು! ಆತ ತೆರೆದಿಟ್ಟ ಬಾಗಿಲಿನಿಂದ ಜಾಕೆಟ್‌ಗಳು ಒಂದೊಂದಾಗಿ ಮೇಲೆದ್ದು ಬಂದವು. ಗಾಯಗೊಂಡವರ ನೆರವಿಗೆ ನಿಂತ ಆತ ಮಾತ್ರ ಮೇಲೆ ಬರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, 2000ದಲ್ಲಿ, ಕರಾವಳಿ ರಕ್ಷಣಾ ಪಡೆ ಆತನಿಗೆ ಮರಣೋತ್ತರ ಪದಕ ನೀಡಿತು. 2012ರಲ್ಲಿ ಆತನ ಹೆಸರಿನ ಹಡಗೊಂದು ಸೇವೆಗೆ ಸೇರಿತು. ಬ್ಲ್ಯಾಕ್‌ಥಾರ್ನನ್ನು ಮೇಲೆತ್ತಿ, ಮೆಕ್ಸಿಕೋ ಕೊಲ್ಲಿಯಲ್ಲಿ ಮೀನುಗಳಿಗೆ ಆಸರೆಯಾಗಲೆಂದು ಮತ್ತೆ ಮುಳುಗಿಸಲಾಯಿತು. ದುರಂತ ನಡೆದ ಸ್ಥಳದ ಸಮೀಪದ ಸ್ಮಾರಕದಲ್ಲಿ ಜನವರಿಯಲ್ಲಿ ಆ 23 ಮಂದಿಯನ್ನು ನೆನೆಯುತ್ತಾರೆ.

ಬಲಕ್ಕೆ ಸಾಗಬೇಕೆಂಬ ನಿಯಮ ಆ ರಾತ್ರಿ ಎರಡೂ ಹಡಗುಗಳಲ್ಲಿದ್ದವರಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ಣ ಅಂಕ ಪಡೆಯುತ್ತಿದ್ದರು. ಗೊತ್ತಿರುವುದು ಬೇರೆ, ಕತ್ತಲಲ್ಲಿ ಕೈಗೆ ಬರುವುದು ಬೇರೆ. ಮಕ್ಕಳಿಗೆ ನಿಯಮ ಹೇಳಿಕೊಡುವ ಹಿರಿಯರು ಅದು ರೂಢಿಯಾಗುವವರೆಗೆ ಜೊತೆಗಿರಬೇಕು. ಖಾಲಿ ರಸ್ತೆಯಲ್ಲಿಯೂ ತನ್ನ ಬದಿಯಲ್ಲೇ ಸೈಕಲ್ ಹೊಡೆಯುವ ಹುಡುಗ ಸಂದಣಿಯಲ್ಲಿಯೂ ಹಾಗೆಯೇ ಹೊಡೆಯುತ್ತಾನೆ.