ಕೂರಿಸಲು ಅವಸರ, ಲೋಟಕ್ಕೆ ತಡ

ಕೂಸಿರುವ ಮನೆಯಲ್ಲಿ ದೊಡ್ಡವರ ತಾಳ್ಮೆ ವಿಚಿತ್ರವಾಗಿ ಹಂಚಿಹೋಗಿರುತ್ತದೆ. ಮಗುವಿಗೆ ನಾಲ್ಕು ತಿಂಗಳು ತುಂಬಿತೋ ಇಲ್ಲವೋ, ನೋಡಲು ಬಂದವರೆಲ್ಲ ‘ಇನ್ನೂ ಕೂರಲ್ವಾ?’ ಎಂದು ಕೇಳಲು ಶುರು ಮಾಡುತ್ತಾರೆ. ಕೇಳಿಸಿಕೊಂಡ ಮೇಲೆ ಮನೆಯವರು ಸುಮ್ಮನಿರಲಾದೀತೆ? ಗೋಡೆಯ ಮೂಲೆಗೆ ಚಾಪೆ ಹಾಸಿ, ಎಡಬಲಕ್ಕೆ ದಿಂಬು ಒಟ್ಟಿ, ನಡುವೆ ಕೂಸನ್ನು ಪ್ರತಿಷ್ಠಾಪಿಸಿ, ಫೋಟೊ ತೆಗೆದು ಬೀಗರಿಗೆ ಕಳಿಸುತ್ತಾರೆ. ಅದೇ ಕೂಸು ಎರಡು ವರ್ಷ ದಾಟಿ, ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುವಾಗಲೂ ಬಾಯಲ್ಲಿ ಬಾಟಲಿ ಕಚ್ಚಿಕೊಂಡಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಯಾರಾದರೂ ಕೇಳಿದರೆ ‘ಇರ್ಲಿ ಬಿಡಿ, ತಾನೇ ಬಿಡುತ್ತೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಡೂರು, ತರೀಕೆರೆ, ಈಚೆಗೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರ, ಮೂರು ಸೀಮೆಯ ಮನೆಗಳಿಗೂ ಈ ಮಾತು ಹೊಸದೇನಲ್ಲ. ನನ್ನ ವಾದ ಇಷ್ಟೇ: ಅವಸರ ಎಲ್ಲಿರಬೇಕೋ ಅಲ್ಲಿ ಸಾವಧಾನ, ಸಾವಧಾನ ಎಲ್ಲಿರಬೇಕೋ ಅಲ್ಲಿ ಅವಸರ ಎಂದು ನಾವು ಎರಡನ್ನೂ ಅದಲುಬದಲು ಮಾಡಿಕೊಂಡಿದ್ದೇವೆ. ಕೂರುವುದು ಮೈಗೆ ತಾನಾಗಿ ಬರುವ ವಿದ್ಯೆ. ಅದಕ್ಕೆ ಜಾಗ ಕೊಟ್ಟು ಕಾಯಬೇಕು. ಲೋಟದಲ್ಲಿ ಕುಡಿಯುವುದು ಕಲಿಸಿದರೆ ಬರುವ ವಿದ್ಯೆ. ಅದನ್ನು ಹೊತ್ತಿಗೆ ಸರಿಯಾಗಿ ಶುರು ಮಾಡಬೇಕು.

ಕಾಯಬೇಕು ಎಂಬುದಕ್ಕೆ ಗಟ್ಟಿ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳ ಬೆಳವಣಿಗೆಯನ್ನು ಹಿಂಬಾಲಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆರೋಗ್ಯವಂತ ಮಕ್ಕಳು ಯಾರ ಆಸರೆಯೂ ಇಲ್ಲದೆ ಕೂತ ವಯಸ್ಸು 3.8 ತಿಂಗಳಿನಿಂದ 9.2 ತಿಂಗಳವರೆಗೆ ಹರಡಿತ್ತು. ನಟ್ಟನಡುವಿನ ವಯಸ್ಸು ಆರು ತಿಂಗಳ ಆಸುಪಾಸು. ಎಂದರೆ ಎದುರುಮನೆಯ ಮಗು ಐದಕ್ಕೇ ಕೂತು, ನಮ್ಮದು ಎಂಟಾದರೂ ವಾಲುತ್ತಿದ್ದರೆ ಎರಡೂ ಸರಿಯಾದ ಮಕ್ಕಳೇ. ಅಜ್ಜಂಪುರದ ಅಮೃತಮಹಲ್ ಕಾವಲಿನಲ್ಲಿ ಹುಟ್ಟಿದ ಕರು ಒಂದೆರಡು ಗಂಟೆಯೊಳಗೆ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ಮನುಷ್ಯನ ಕೂಸಿಗೆ ಹತೋಟಿ ನೆತ್ತಿಯಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ: ಮೊದಲು ಕತ್ತು ನಿಲ್ಲಬೇಕು, ಆಮೇಲೆ ಭುಜ, ಬೆನ್ನು, ಕೊನೆಗೆ ಸೊಂಟ. ಅದಾದ ಮೇಲೂ ಕೂಸು ನೇರ ಕೂರುವುದಿಲ್ಲ; ಎರಡೂ ಕೈ ಮುಂದಕ್ಕೆ ಊರಿ ಕಪ್ಪೆಯ ಹಾಗೆ ಕೂರುತ್ತದೆ. ಬೀಳುವಾಗ ಕೈಯೂರಿ ತಡೆದುಕೊಳ್ಳುವುದನ್ನು ಮೊದಲು ಮುಂದಕ್ಕೆ, ಆಮೇಲೆ ಪಕ್ಕಕ್ಕೆ, ಎಲ್ಲಕ್ಕಿಂತ ಕೊನೆಗೆ ಹಿಂದಕ್ಕೆ ಕಲಿಯುತ್ತದೆ. ಚೆನ್ನಾಗಿ ಕೂತಿದೆ ಎಂದುಕೊಂಡ ಮಗು ಇದ್ದಕ್ಕಿದ್ದಂತೆ ಅಂಗಾತ ಬಿದ್ದು ತಲೆ ಕುಟ್ಟಿಕೊಳ್ಳುವುದು ಈ ಕೊನೆಯ ಪಾಠ ಇನ್ನೂ ಬಾಕಿ ಇರುವುದರಿಂದ.

ದಿಂಬಿಟ್ಟು ಅಭ್ಯಾಸ ಮಾಡಿಸಿದರೆ ಬೆನ್ನು ಬೇಗ ಗಟ್ಟಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಿಂಬು ಹೊತ್ತುಕೊಂಡ ಭಾರವನ್ನು ಬೆನ್ನು ಹೊರುವುದಿಲ್ಲ. ಆನಿಸಿ ಕೂರಿಸಿದ ಮಗು ತಾನಾಗಿ ಆ ಭಂಗಿಗೆ ಬಂದಿಲ್ಲ, ಅಲ್ಲಿಂದ ತಾನಾಗಿ ಹೊರಬರಲಾರದು. ಜಾರಿದರೆ ಜಾರಿದ ಕಡೆಗೇ ಕುಸಿದು ಅಳುತ್ತದೆ. ತೊಡೆಯ ಮೇಲೆ ಸ್ವಲ್ಪ ಹೊತ್ತು ಸೊಂಟ ಹಿಡಿದು ಕೂರಿಸಿಕೊಂಡರೆ ತೊಂದರೆಯೇನಿಲ್ಲ, ಕೂಸಿಗೂ ಖುಷಿ. ಆದರೆ ಕೂರುವ ಶಕ್ತಿ ಹುಟ್ಟುವುದು ನೆಲದ ಮೇಲೆ, ಅದೂ ಬೋರಲು ಮಲಗಿದಾಗ. ಅಜ್ಜಿ ನೀಡಿದ ಕಾಲ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುವಾಗ ಅದು ಕತ್ತೆತ್ತಿ ಹಂಡೆಯ ಒಲೆಯ ಕಡೆ ನೋಡುತ್ತದಲ್ಲ, ಕೂರುವುದರ ಮೊದಲ ಪಾಠ ಅದೇ. ದಿನಕ್ಕೆ ಕೆಲವು ಸಲ ಎಚ್ಚರವಿರುವಾಗ, ನಮ್ಮ ಕಣ್ಣೆದುರು, ಚಾಪೆಯ ಮೇಲೆ ಬೋರಲು ಬಿಡುವುದು, ಕೈಗೆ ಸಿಗುವಷ್ಟು ದೂರದಲ್ಲಿ ಒಂದು ಗಿಲಕಿಯನ್ನೋ ಸ್ಟೀಲ್ ಚಮಚವನ್ನೋ ಇಡುವುದು, ಇಷ್ಟು ಸಾಕು. ಸಂತೆಯಲ್ಲೂ ಅಂಗಡಿಯಲ್ಲೂ ತೂಗುಹಾಕಿರುವ ಗಾಲಿಯ ವಾಕರ್ ಇದೇ ಅವಸರದ ಮುಂದಿನ ಅಧ್ಯಾಯ. ನಡೆಯುವುದನ್ನು ಅದು ಬೇಗ ಕಲಿಸುವುದಿಲ್ಲ. ಮೆಟ್ಟಿಲಿನಿಂದ ಉರುಳಿಸುವುದು ಮಾತ್ರ ನಿಜ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಇನ್ನು ಲೋಟದ ಮಾತು. ಇಲ್ಲಿ ಹಳೆಯ ಕಾಲವೇ ನಮ್ಮ ಪರ ಸಾಕ್ಷಿ ಹೇಳುತ್ತದೆ. ಬಾಟಲಿ ಈ ಊರುಗಳಿಗೆ ಬಂದದ್ದು ಮೊನ್ನೆ ಮೊನ್ನೆ. ಅದಕ್ಕೆ ಮುಂಚೆ ಇದ್ದದ್ದು ಒಳಲೆ. ಅಂಗೈಯಲ್ಲಿ ಹಿಡಿಸುವ, ಒಂದು ಕಡೆ ಮೂತಿ ಚಾಚಿದ ಆ ಪುಟ್ಟ ಲೋಹದ ಪಾತ್ರೆಯನ್ನು ತಮಿಳುನಾಡಿನವರು ಪಾಲಾಡೈ ಎನ್ನುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿ, ಚೀಪುವ ಶಕ್ತಿಯಿಲ್ಲದ ಶಿಶುಗಳಿಗೆ ತಾಯಿಯ ಹಾಲನ್ನು ಹಿಂಡಿ ಕುಡಿಸಲು ಭಾರತದ ನವಜಾತ ಶಿಶು ಘಟಕಗಳು ಇವತ್ತಿಗೂ ನೆಚ್ಚಿರುವುದು ಇದನ್ನೇ. ಎರಡು ಕಿಲೋ ತೂಗದ ಕೂಸು ಒಳಲೆಯಲ್ಲಿ ಕುಡಿಯಬಲ್ಲದಾದರೆ, ಏಳು ಕಿಲೋ ತೂಗುವ ಆರು ತಿಂಗಳ ಮಗುವಿಗೆ ಲೋಟ ಬರುವುದಿಲ್ಲ ಎನ್ನುವುದು ನಮ್ಮ ಸೋಮಾರಿತನದ ಮಾತು. ಕಾನೂನಿಗೂ ಬಾಟಲಿಯ ಮೇಲೆ ನಂಬಿಕೆಯಿಲ್ಲ. ಹಾಲಿನ ಪುಡಿ, ಬಾಟಲಿ, ಶಿಶು ಆಹಾರಗಳ ಮಾರಾಟವನ್ನು ಹದ್ದುಬಸ್ತಿನಲ್ಲಿಡಲು ಕೇಂದ್ರ ಸರ್ಕಾರ 1992ರಲ್ಲಿ ಕಾಯ್ದೆ ತಂದು, 2003ರಲ್ಲಿ ಅದನ್ನು ಬಿಗಿ ಮಾಡಿತು. ಬಾಟಲಿ ಮಾರಬಹುದು, ಆದರೆ ಅದನ್ನು ಹೊಗಳಿ ಜಾಹೀರಾತು ಕೊಡುವಂತಿಲ್ಲ. ಟಿವಿಯಲ್ಲಿ ಸೋಪು, ಡೈಪರ್, ಬಿಸ್ಕತ್ತು ಎಲ್ಲದರ ಜಾಹೀರಾತು ಬಂದರೂ ಹಾಲಿನ ಬಾಟಲಿಯದು ಬರುವುದಿಲ್ಲ ಏಕೆ ಎಂದು ಯಾರಾದರೂ ಯೋಚಿಸಿದ್ದರೆ ಕಾರಣ ಇದು.

ಬಾಟಲಿಯ ತಪ್ಪೇನು ಎಂದು ಕಣ್ಣಿಂದ ನೋಡಬೇಕಾದರೆ ಅದರ ನಿಪ್ಪಲನ್ನು ಬಿಚ್ಚಿ ಒಳಮೈ ಹೊರಳಿಸಿ, ತಿರುಪಿನ ಬಿಲ್ಲೆಯ ಸಂದಿಯಲ್ಲಿ ಉಗುರು ಎಳೆದು ನೋಡಿ. ಬೆಳಿಗ್ಗೆ ತೊಳೆದದ್ದು ಎಂದುಕೊಂಡ ಕಡೆ ಹಾಲಿನ ಜಿಡ್ಡು ಹಳದಿಗಟ್ಟಿ ಕೂತಿರುತ್ತದೆ. ಭೇದಿಯ ಬೀಜ ಮೊಳೆಯುವ ಜಾಗ ಅದು. ದಿನಕ್ಕೆ ಐದು ಸಲ ಬ್ರಷ್ ಹಾಕಿ ತಿಕ್ಕಿ ಕುದಿಸುವ ಮನೆಗಳಿಲ್ಲವೆಂದಲ್ಲ, ಆದರೆ ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾಯುವ ಕಡೂರಿನ ಬಯಲು ಸೀಮೆಯಲ್ಲಿ ಅಂಥ ನಿಯಮ ಎಷ್ಟು ದಿನ ನಡೆದೀತು? ಅಗಲ ಬಾಯಿಯ ಸ್ಟೀಲ್ ಲೋಟವನ್ನು ಸೋಪು ಹಾಕಿ ಒಂದು ಸುತ್ತು ತಿಕ್ಕಿದರೆ ಮೂಲೆಮೂಲೆಯೂ ಕಾಣುತ್ತದೆ. ಇನ್ನು ಹಲ್ಲು. ಬಾಟಲಿ ಕಚ್ಚಿಕೊಂಡೇ ನಿದ್ದೆ ಹೋದ ಮಗುವಿನ ಬಾಯಲ್ಲಿ ಹಾಲು ನಿಲ್ಲುತ್ತದೆ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಅದನ್ನು ತೊಳೆಯುವವರಿರುವುದಿಲ್ಲ. ಮೇಲಿನ ಮುಂಹಲ್ಲುಗಳು ಮೊದಲು ಹುಳುಕಾಗುತ್ತವೆ, ನಾಲಿಗೆಯ ಮರೆಯಲ್ಲಿರುವ ಕೆಳಗಿನವು ಉಳಿದುಕೊಳ್ಳುತ್ತವೆ.

ಎಲ್ಲಕ್ಕಿಂತ ದೊಡ್ಡ ನಷ್ಟ ರಕ್ತದ್ದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಹಸುವಿನ ಹಾಲಿನಲ್ಲಿರುವುದು ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಬಾಟಲಿ ಎಷ್ಟು ಸಲೀಸು ಎಂದರೆ ಮಗು ಹಸಿವಿಗೂ ಅದನ್ನೇ, ಬೇಜಾರಿಗೂ ಅದನ್ನೇ ಹೀರಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಆಮೇಲೆ ಮುದ್ದೆ, ಬೇಳೆಕಟ್ಟು, ಸೊಪ್ಪಿನ ಸಾರು ಯಾವುದಕ್ಕೂ ಬಾಯಿ ತೆರೆಯುವುದಿಲ್ಲ. ತಾಯಿ ಗಾಬರಿಯಾಗಿ ‘ಏನೂ ತಿನ್ನಲ್ಲ, ಹಾಲಾದ್ರೂ ಕುಡೀಲಿ’ ಎಂದು ಇನ್ನೊಂದು ಬಾಟಲಿ ಕೊಡುತ್ತಾಳೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ಇದೆಲ್ಲ ಬಾಟಲಿಯ ಪಾಪವೆಂದು ನಾನು ಹೇಳಲಾರೆ. ಬಡತನ, ತಾಯಿಯ ರಕ್ತಹೀನತೆ, ಜಂತುಹುಳು ಎಲ್ಲದರ ಪಾಲೂ ಇದೆ. ಆದರೆ ಹಾಲಿನಲ್ಲೇ ಹೊಟ್ಟೆ ತುಂಬಿಸುವ ಅಭ್ಯಾಸ ಅದಕ್ಕೆ ಸೇರುವ ಇನ್ನೊಂದು ಕೈ. ರಾಗಿ ಬೆಳೆಯುವ ನಾಡಿನಲ್ಲಿ ರಾಗಿ ಸರಿಯನ್ನು ನೀರಾಗಿಸಿ, ನಿಪ್ಪಲಿನ ತೂತನ್ನು ಕಾದ ಸೂಜಿಯಿಂದ ಅಗಲ ಮಾಡಿ, ಬಾಟಲಿಯಲ್ಲಿ ಕುಡಿಸುವುದಂತೂ ಸರಿಯ ಸತ್ವವನ್ನೂ ಕೆಡಿಸಿ, ಅಗಿಯುವ ಪಾಠವನ್ನೂ ಕೆಡಿಸುತ್ತದೆ.

ಕೂರುವುದಕ್ಕೂ ಲೋಟಕ್ಕೂ ಸಂಬಂಧವೇನು ಎಂಬುದು ಇಲ್ಲಿ ಬರುತ್ತದೆ. ಅಜ್ಜಿಯರ ಒಳಲೆಯನ್ನು ಹೊಗಳಿದೆ ನಿಜ, ಆದರೆ ಅದನ್ನು ಹಾಕುವ ರೀತಿಯನ್ನು ಹೊಗಳಲಾರೆ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಕೈ ಅಮುಕಿ ಹಿಡಿದು, ಅಳಲು ಬಾಯಿ ತೆರೆದಾಗ ಗಂಟಲಿಗೆ ಸುರಿಯುವ ಪದ್ಧತಿ ಇತ್ತು, ಈಗಲೂ ಇದೆ. ಹಾಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಬರಬಹುದು. ಮಲಗಿಸಿ ಸುರಿದರೆ ಒಳಲೆಯೂ ಬಾಟಲಿಗಿಂತ ಕಡೆ. ಮೈ ನೆಟ್ಟಗಿದ್ದು, ತುಟಿಯ ಬಳಿ ಬಂದದ್ದನ್ನು ಮಗು ತಾನೇ ಎಳೆದುಕೊಂಡರೆ ಮಾತ್ರ ಅದು ಕುಡಿಯುವುದು. ಕತ್ತು ನಿಂತು, ಬೆನ್ನು ನಿಲ್ಲುತ್ತ ಬರುವ ಆರನೇ ತಿಂಗಳು ಮೇಲಾಹಾರ ಶುರುವಾಗುವ ತಿಂಗಳೂ ಹೌದು, ಲೋಟ ತೋರಿಸುವ ತಿಂಗಳೂ ಹೌದು. ಮಗು ಇನ್ನೂ ವಾಲುತ್ತಿದ್ದರೆ ಲೋಟವನ್ನು ಮುಂದಕ್ಕೆ ಹಾಕಬೇಕಾಗಿಲ್ಲ. ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡರಾಯಿತು. ಕೈ ಊರದೆ ಕೂರಲು ಬಂದ ದಿನ ಎರಡೂ ಕೈ ಬಿಡುವಾಗುತ್ತವೆ. ಆಗ ಲೋಟ ಹಿಡಿಯಲು ಅದೇ ಕೈ ಚಾಚುತ್ತದೆ.

ಆಕ್ಷೇಪಗಳಿಗೆ ಕೊರತೆಯಿಲ್ಲ. ಮೊದಲನೆಯದು ಹೊತ್ತಿನದು: ಅಡಿಕೆ ಸುಲಿಯುವ ಕಾಲದಲ್ಲಿ ಕತ್ತಿಯ ಮುಂದೆ ಕೂತ ತಾಯಿಗೆ, ತೂಕದ ಲೆಕ್ಕದಲ್ಲಿ ಕೂಲಿ ಸಿಗುವಾಗ, ಗುಟುಕು ಗುಟುಕಾಗಿ ಕುಡಿಸುವ ಪುರಸೊತ್ತೆಲ್ಲಿ? ಮಾತಿನಲ್ಲಿ ಸತ್ಯವಿದೆ, ಕಲಿಯುವ ಮೊದಲ ವಾರಗಳಲ್ಲಿ ಅರ್ಧ ಹಾಲು ಅಂಗಿಗೇ ಹೋಗುತ್ತದೆ. ಆದರೆ ಈ ಹೊರೆ ತಾಯಿಯೊಬ್ಬಳದೇ ಏಕಾಗಬೇಕು? ಬಾಟಲಿಯನ್ನು ಮಗುವಿನ ಬಾಯಿಗಿಟ್ಟು ಎದ್ದುಹೋಗುವ ಸೌಕರ್ಯವೇ ಅದರ ಅಪಾಯ. ಲೋಟಕ್ಕೆ ಒಬ್ಬರು ಎದುರಿಗೆ ಕೂರಲೇಬೇಕು, ಆ ಒಬ್ಬರು ಅಪ್ಪನೋ ತಾತನೋ ಆಗಬಹುದು. ಎರಡನೆಯದು ಅಳತೆಯದು: ಬಾಟಲಿಯ ಮೇಲೆ ಗೀಟುಗಳಿವೆ, ಎಷ್ಟು ಕುಡಿಯಿತೆಂದು ತಿಳಿಯುತ್ತದೆ. ತೂಕ ಸರಿಯಾಗಿ ಏರುತ್ತಿದೆಯೇ ಎಂದು ತಾಯಿ ಕಾರ್ಡಿನ ಗೆರೆ ಹೇಳುತ್ತದೆ, ಬಾಟಲಿಯ ಗೀಟಲ್ಲ. ಮೂರನೆಯದು, ಮೂತಿಯಿರುವ ಮುಚ್ಚಳದ ಸಿಪ್ಪರ್ ಕಪ್ ಆಗದೇ? ಪ್ರಯಾಣದಲ್ಲಿ ಆದೀತು, ಮನೆಯಲ್ಲಿ ಅದು ಹೆಸರು ಬದಲಿಸಿಕೊಂಡ ಬಾಟಲಿ. ಇನ್ನು ಲೋಟದ ಪಕ್ಷದವರೂ ಅತಿ ಮಾಡುವುದುಂಟು. ಬಾಟಲಿ ಬಿಡಿಸಿದರೆ ಮಾತು ಬೇಗ ಬರುತ್ತದೆ ಎನ್ನುತ್ತಾರೆ. ಅದಕ್ಕೆ ಅಂಥ ಗಟ್ಟಿ ಪುರಾವೆಯಿಲ್ಲ. ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳನ್ನು ತಡವರಿಸದೆ ಹೇಳಲು ಲೋಟವೊಂದೇ ಸಾಲದು. ‘ನಾವೆಲ್ಲ ಬಾಟಲಿ ಕುಡಿದೇ ದೊಡ್ಡವರಾಗಲಿಲ್ಲವೇ’ ಎಂಬುವರಿಗೆ ಹೇಳುವುದಿಷ್ಟೆ: ದೊಡ್ಡವರಾದವರು ಮಾತ್ರ ಆ ಪ್ರಶ್ನೆ ಕೇಳಲು ಉಳಿದಿದ್ದಾರೆ.

ಲೋಟ ಕಲಿಸಿ ಬಾಟಲಿ ಬಿಡಿಸುವ ಕ್ರಮ ಕಷ್ಟದ್ದಲ್ಲ. ಸಣ್ಣ ಸ್ಟೀಲ್ ಲೋಟದಲ್ಲಿ ನಾಲ್ಕು ಚಮಚದಷ್ಟು ಹಾಲೋ ಕುದಿಸಿ ಆರಿಸಿದ ನೀರೋ ಹಾಕಿ, ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟೇ ಬಗ್ಗಿಸಿ ಹಿಡಿಯಬೇಕು, ಸುರಿಯಬಾರದು. ಮಗು ಮೊದಲು ನೆಕ್ಕುತ್ತದೆ, ಕೆಮ್ಮುತ್ತದೆ, ಆಮೇಲೆ ಹೀರುತ್ತದೆ. ಆಗಲೇ ಬಾಟಲಿಗೆ ಬಿದ್ದ ಮಗುವಾದರೆ ಮಧ್ಯಾಹ್ನದ ಬಾಟಲಿಯನ್ನು ಮೊದಲು ತೆಗೆದು, ವಾರವೊಂದು ಬಿಟ್ಟು ಬೆಳಗಿನದನ್ನು, ರಾತ್ರಿಯದನ್ನು ಕೊನೆಗೆ ತೆಗೆಯಬಹುದು. ರಾತ್ರಿಯ ಹಠ ನಾಲ್ಕು ದಿನದ್ದು. ಆ ನಾಲ್ಕು ದಿನ ಮನೆಯವರೆಲ್ಲ ಒಂದೇ ಮಾತಿನಲ್ಲಿದ್ದರೆ ಮುಗಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುವ ಕೊನೆಯ ಗಡುವು ಹದಿನೆಂಟು ತಿಂಗಳು, ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ತಾಯಿಯ ಎದೆಹಾಲಿಗೆ ಈ ಗಡುವಿಲ್ಲ. ಅದು ಎರಡು ವರ್ಷ ದಾಟಿಯೂ ನಡೆಯಲಿ.

ಹಾಗಾದರೆ ಕೂರುವುದಕ್ಕೆ ಎಷ್ಟು ದಿನ ಕಾಯುವುದು? ಅದಕ್ಕೂ ಒಂದು ಮೇರೆಯಿದೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ಹೋಗುವ ದಿನವೂ, ವಿಶ್ವ ಆರೋಗ್ಯ ಸಂಸ್ಥೆ ಕಂಡ 9.2 ತಿಂಗಳ ಅಂಚೂ ಹೆಚ್ಚುಕಡಿಮೆ ಒಂದೇ. ಆ ದಿನ ಮಗು ಆಸರೆಯಿಲ್ಲದೆ ಕೂರದಿದ್ದರೆ, ಅದಕ್ಕೆ ಮುಂಚೆಯೇ ಮೈ ತೀರ ಸಡಿಲವಾಗಿಯೋ ಬಿಗಿಯಾಗಿಯೋ ಕಂಡರೆ, ಒಂದೇ ಕೈ ಆಡಿಸುತ್ತಿದ್ದರೆ, ನೆರೆಯವರ ಸಮಾಧಾನಕ್ಕೆ ಕಿವಿಗೊಡದೆ ಆಶಾ ಕಾರ್ಯಕರ್ತೆಗೆ, ಮಕ್ಕಳ ವೈದ್ಯರಿಗೆ ತೋರಿಸಿ. ದಿನ ತುಂಬದೆ ಹುಟ್ಟಿದ ಮಗುವಿಗೆ ಲೆಕ್ಕವನ್ನು ಹೆರಿಗೆಗೆ ಕೊಟ್ಟ ತಾರೀಕಿನಿಂದ ಹಿಡಿಯಿರಿ. ಉಳಿದ ಮಕ್ಕಳ ಸುತ್ತಲಿನ ದಿಂಬುಗಳನ್ನು ತೆಗೆದು ಮಂಚಕ್ಕೆ ಹಾಕಿ, ಮಕ್ಕಳನ್ನು ನೆಲಕ್ಕೆ ಬಿಡಿ. ಆರು ತಿಂಗಳು ತುಂಬಿದ ಕೂಸು ಮನೆಯಲ್ಲಿದ್ದರೆ ಅದರ ಹೆಸರಿಗೊಂದು ಲೋಟವನ್ನು ಇವತ್ತೇ ತೆಗೆದಿಡಿ.