ಹಸೆಯ ಮುಂದೆ ಒಂದು ಮೈಕ್

ಮನೆಯಲ್ಲೇ ಧ್ವನಿಮುದ್ರಣದ ಕೋಣೆಯೊಂದನ್ನು ಅಣಿಗೊಳಿಸಲು ಹೊರಡುವ ಹೊಸಬರೆಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಮೈಕ್ ಕೊಳ್ಳಬೇಕು? ಯಾರ ದನಿಯನ್ನು, ಯಾವ ಗೋಡೆಗಳ ನಡುವೆ, ಯಾವ ಸದ್ದುಗಳ ನೆರೆಯಲ್ಲಿ ಹಿಡಿಯಬೇಕಾಗಿದೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಹಣ ತೆತ್ತ ಮೇಲೆ ಹುಟ್ಟುತ್ತದೆ. ಬಾಗಲೂರಿನ ಯುವಕನೊಬ್ಬನಲ್ಲಿ ಅದು ತುಸು ಮೊದಲೇ ಹುಟ್ಟಿತು. ಅದಕ್ಕೆ ಕಾರಣಳಾದವಳು ಅವನ ಅಜ್ಜಿ.

ಬಾಗಲೂರೆಂದರೆ ಬೆಂಗಳೂರಿನವರಿಗೆ ಯಲಹಂಕದಾಚೆಯ ಊರು ನೆನಪಾಗುತ್ತದೆ. ಇದು ಆ ಬಾಗಲೂರಲ್ಲ. ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿಯಲ್ಲಿ, ತಮಿಳುನಾಡಿನ ಗಡಿಯೊಳಗಿರುವ, ಒಂದು ಕಾಲದ ಪಾಳೆಯಗಾರರ ಊರು. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಗುರುತಿಸುವ ನಾಡಿನೊಳಗೇ ಇದ್ದರೂ, ಆಡಳಿತದ ಕಾಗದಗಳಲ್ಲಿ ಮೊದಲು ಸೇಲಂ ಜಿಲ್ಲೆಗೆ, 1965ರಿಂದ ಧರ್ಮಪುರಿಗೆ, 2004ರಿಂದ ಕೃಷ್ಣಗಿರಿಗೆ ಸೇರುತ್ತ ಬಂದಿದೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ. ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆಯ ನಂತರ ಅಕ್ಷರ ಕಲಿತ ಅನೇಕ ಮಕ್ಕಳಿಗೆ ಕನ್ನಡ ನಾಲಗೆಯ ಮೇಲಿದೆ, ಬೆರಳಿನ ತುದಿಯಲ್ಲಿಲ್ಲ.

ಆ ಯುವಕನೂ ಅಂಥವನೇ. ಅಜ್ಜಿಯ ಸೋಬಾನೆ ಪದಗಳನ್ನು ಒಮ್ಮೆ ಅವನು ತನಗೆ ಬರುವ ತಮಿಳು ಲಿಪಿಯಲ್ಲಿ ಬರೆದುಕೊಂಡಿದ್ದ. ಆರು ತಿಂಗಳ ನಂತರ ಓದಲು ಹೋದರೆ ಹಾಡು ಬಾಯಿಗೆ ಸಿಗಲಿಲ್ಲ. ಕಕಾರ ಗಕಾರಗಳಿಗೆ, ತಕಾರ ದಕಾರಗಳಿಗೆ, ಪಕಾರ ಬಕಾರಗಳಿಗೆ ಆ ಲಿಪಿಯಲ್ಲಿ ಒಂದೊಂದೇ ಅಕ್ಷರ. ‘ಬಾಲ’ ಎಂದು ಬರೆದದ್ದನ್ನು ‘ಪಾಲ’ ಎಂದೂ ಓದಬಹುದು. ತಮಿಳಿಗೆ ಅದು ಕೊರತೆಯಲ್ಲ, ಆ ಭಾಷೆಯ ನಡೆಗೆ ಅದೇ ಸಾಕು. ಕನ್ನಡದ ಪದಕ್ಕೆ ಮಾತ್ರ ಅದು ಸಾಲದು. ಬರಹ ಕೈಕೊಟ್ಟ ಮೇಲೆ ಉಳಿದದ್ದು ದನಿ. ಕನ್ನಡ ಲಿಪಿ ಬಲ್ಲವರಿಗೂ ಈ ತೊಡಕು ಪೂರ್ತಿ ತಪ್ಪಿದ್ದಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಕನ್ನಡದ ಓದುಗರಿಗೆ ಮಾತನ್ನು ಉಳಿಸಿಕೊಟ್ಟಿತು. ಆ ಹೆಣ್ಣುಮಕ್ಕಳು ಹಾಡಿದ ಮಟ್ಟನ್ನು, ಉಸಿರು ತೆಗೆದುಕೊಂಡ ತಾಣವನ್ನು ಅಚ್ಚಿನ ಮೊಳೆಗಳು ಹಿಡಿಯಲಾರವು.

ಆದರೆ ಅವನು ಹಣ ಕೂಡಿಸಿದ್ದು ಅಜ್ಜಿಗಾಗಿ ಅಲ್ಲ. ಹೊಸೂರಿನ ಕಾರ್ಖಾನೆಯೊಂದರ ಗುತ್ತಿಗೆ ಕೆಲಸದಲ್ಲಿ ಉಳಿಸಿದ 20,000 ರೂಪಾಯಿಯಲ್ಲಿ ಗಿಟಾರಿನೊಡನೆ ತನ್ನದೇ ಹಾಡುಗಳನ್ನು ಮಾಡಬೇಕೆಂಬುದು ಅವನ ಬಹುದಿನದ ಆಸೆ. ದೊಡ್ಡ ಕಂಡೆನ್ಸರ್ ಮೈಕ್, ಮಿಡಿ ಕೀಬೋರ್ಡ್, ಒಂದು ಜೊತೆ ಮಾನಿಟರ್ ಸ್ಪೀಕರು: ಪಟ್ಟಿ ಫೋನಿನಲ್ಲಿ ಸಿದ್ಧವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವನು ಪಟ್ಟಿ ನೋಡಿ, “ಸ್ಟುಡಿಯೋ ಅಂದ್ರೆ ಕಂಡೆನ್ಸರೇ ಸಾರ್, ಸೂಜಿ ಬಿದ್ರೂ ಕೇಳುತ್ತೆ” ಎಂದ. ಅವನು ಹೊಗಳಿಕೆಯೆಂದು ಆಡಿದ ಮಾತು ಯುವಕನಿಗೆ ಎಚ್ಚರಿಕೆಯಂತೆ ಕೇಳಿಸಿತು. ಬಾಗಲೂರಿನ ಮನೆಯಲ್ಲಿ ಬೀಳುವುದು ಸೂಜಿಯೊಂದೇ ಅಲ್ಲವಲ್ಲ! ರಸ್ತೆಯಲ್ಲಿ ಇಡೀ ದಿನ ಲಾರಿ, ಪಕ್ಕದ ಮನೆಯ ಕುಕ್ಕರ್, ಆಡಿ ಮಾಸ ಬಂದರೆ ಗುಡಿಯ ಧ್ವನಿವರ್ಧಕ.

ಕಂಡೆನ್ಸರಿನ ಒಳಗೆ ಕೂದಲಿಗಿಂತ ತೆಳುವಾದ ಪೊರೆಯೊಂದು ಲೋಹದ ತಟ್ಟೆಯ ಎದುರು ಅದುರುತ್ತದೆ. ಅದು ಕೆಲಸ ಮಾಡಲು ಕೇಬಲ್ಲಿನ ಮೂಲಕ 48 ವೋಲ್ಟು ವಿದ್ಯುತ್ ಬೇಕು. ನವಿರಾದ ಸದ್ದನ್ನೂ ಅದು ಬಿಡುವುದಿಲ್ಲ. ಡೈನಮಿಕ್ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗುತ್ತದೆ; ಹೊರಗಿನ ವಿದ್ಯುತ್ತು ಬೇಡ, ಸ್ವಭಾವ ಒರಟು, ಹತ್ತಿರದವರ ಮಾತಿಗಷ್ಟೇ ಕಿವಿಗೊಡುತ್ತದೆ. 1966ರಿಂದ ಜಗತ್ತಿನ ವೇದಿಕೆಗಳಲ್ಲೆಲ್ಲ ಕಾಣುವ ಶೂರ್ ಕಂಪನಿಯ ಎಸ್‌ಎಂ-58 ಈ ಜಾತಿಯದು. ಅದರ ದೋಷವನ್ನೂ ಹೇಳಬೇಕು: ಕ್ಷೀಣವಾದ ಕಂಠಕ್ಕೆ ಅದನ್ನು ಹಿಡಿದರೆ ಇಂಟರ್‌ಫೇಸಿನಲ್ಲಿ ಸದ್ದನ್ನು ಬಹಳ ಏರಿಸಬೇಕಾಗುತ್ತದೆ, ಏರಿಸಿದಷ್ಟೂ ಹಿಂದಿನಿಂದ ‘ಸ್’ ಎಂಬ ಹಿಸುಕುದನಿ ಎದ್ದುಬರುತ್ತದೆ. ಇದಕ್ಕೆ ಬೆಲೆಯಿಲ್ಲದ ಮದ್ದೊಂದಿದೆ. ಮೈಕಿಗೂ ಬಾಯಿಗೂ ಇರುವ ಅಂತರವನ್ನು ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. ಎರಡು ಮೊಳದಿಂದ ಒಂದು ಗೇಣಿಗೆ ಮೈಕನ್ನು ತಂದವನು ಸಾವಿರಾರು ರೂಪಾಯಿ ಉಳಿಸಿದಂತೆಯೇ.

ಉಪಕರಣ ಹಾಡಿಗೆ ಅಂಕೆ ಹಾಕುವುದು ಈ ಕಾಲದ ಸಂಗತಿಯೇನಲ್ಲ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದಾಗ ಮೈಕ್ ಎಂಬುದೇ ಬಳಕೆಯಲ್ಲಿರಲಿಲ್ಲ. ತಗಡಿನ ಕಹಳೆಯೊಳಕ್ಕೆ ಕಂಠವನ್ನು ತುಂಬಬೇಕು, ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. ಗಂಟೆಗಟ್ಟಲೆ ಹರಡುವ ರಾಗ ತಟ್ಟೆಯ ಅಳತೆಗೆ ಕುಗ್ಗಿತು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದ ಜರ್ಮನಿಯ ಹ್ಯಾನೋವರಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲು ಅದೇ ಗುರುತು. ಮುಂದೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಕಲಾವಿದೆಯ ದನಿ ಇಂದಿಗೂ ಹೆಸರಿನೊಡನೆ ಕೇಳಿಸುತ್ತದೆ.

ಈಗಿನ ಅಂಕೆ ಕಣ್ಣಿಗೆ ಕಾಣದಂಥದು. ಫೋನಿನ ಅನೇಕ ತಂತ್ರಾಂಶಗಳು ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ಬಗೆದು ಅಳಿಸುತ್ತವೆ. ಭಜನೆಯವರ ತಂಬೂರಿಯ ಶ್ರುತಿಯೂ ಅವುಗಳ ಲೆಕ್ಕದಲ್ಲಿ ಫ್ಯಾನಿನ ಸದ್ದೇ. ಸ್ವರ ತಿದ್ದುವ ಸಾಧನ ಅಜ್ಜಿಯ ಜಾರುದನಿಯನ್ನು ಪಿಯಾನೊ ಮನೆಗಳಿಗೆ ಕೂಡಿಸಿ ‘ಸರಿಪಡಿಸುತ್ತದೆ’. ಜಾನಪದದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಫೋನನ್ನೇ ಬಳಸಿದರೂ ಚಿಂತೆಯಿಲ್ಲ, ಈ ಎರಡನ್ನು ಆರಿಸಿಡಲಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, ಹಿಂಡದ ವೇವ್ ಕಡತವಾಗಿ ಮುದ್ರಿಸಿದರೆ ಎರಡು ವಾಹಿನಿಗಳ ಒಂದು ಗಂಟೆಯ ಹಾಡಿಗೆ 1 ಜಿಬಿಗಿಂತ ತುಸು ಹೆಚ್ಚು ಜಾಗ ಸಾಕು. ಒಂದು ಮದುವೆಯ ವಿಡಿಯೊಗೆ ಅದಕ್ಕಿಂತ ಎಷ್ಟೋ ಪಾಲು ಬೇಕಾಗುತ್ತದೆ.

ಯುವಕ ಕೊನೆಗೆ ತಂದದ್ದು ಎರಡು ಮೈಕುಗಳನ್ನು ಸೇರಿಸಬಹುದಾದ ಪುಟ್ಟ ಇಂಟರ್‌ಫೇಸ್, ಒಂದು ಡೈನಮಿಕ್ ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್, ಎರಡು ಸ್ಟ್ಯಾಂಡು, ಗಟ್ಟಿಯಾದ ಕೇಬಲ್ಲುಗಳು. ಎರಡನೆಯ ಮೈಕನ್ನು ಭಜನೆ ಮಂದಿರದಿಂದ ಎರವಲು ಪಡೆದ. ತಂತ್ರಾಂಶಕ್ಕೆ ಬಿಡಿಗಾಸು ಬೇಕಾಗಲಿಲ್ಲ; ಅಡಾಸಿಟಿ ಉಚಿತವಾಗಿಯೇ ದೊರೆಯುತ್ತದೆ. ಕೀಬೋರ್ಡು, ಸ್ಪೀಕರು ಪಟ್ಟಿಯಲ್ಲೇ ಉಳಿದವು. ಅದರ ಬೇಸರ ಅವನಿಗೆ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಕೋಣೆಯ ಪ್ರಶ್ನೆ ಉಳಿಯಿತು. ಅವನ ಕೋಣೆ ಉದ್ದ, ಅಗಲ, ಎತ್ತರ ಹೆಚ್ಚುಕಡಿಮೆ ಸಮನಾಗಿದ್ದ ಕಾಂಕ್ರೀಟು ಪೆಟ್ಟಿಗೆ. ಅಂಥಲ್ಲಿ ಕೆಲವು ಮಂದ್ರಸ್ವರಗಳು ಗುಮ್ಮೆಂದು ಊದಿಕೊಳ್ಳುತ್ತವೆ. ಗೆಳೆಯರು ಗೋಡೆಗೆ ಮೊಟ್ಟೆಯ ತಟ್ಟೆ ಅಂಟಿಸಲು ಹೇಳಿದರು. ಲಾರಿಯ ಸದ್ದಿಗೆ ಮೊಟ್ಟೆಯ ತಟ್ಟೆ ಅಡ್ಡಿಯಾದ ಉದಾಹರಣೆ ಎಲ್ಲೂ ಇಲ್ಲ. ಹಿತ್ತಿಲಿನ ರೇಷ್ಮೆಹುಳುವಿನ ಮನೆ ರಸ್ತೆಯಿಂದ ದೂರವಿತ್ತು. ಹುಳುಗಳಿದ್ದಾಗ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ತುಂಬಿರುತ್ತದೆ. ಗೂಡು ಮಾರುಕಟ್ಟೆಗೆ ಹೋಗಿ ಮುಂದಿನ ಬೆಳೆ ಬರುವವರೆಗೆ ಕೆಲವೇ ದಿನ ಅದು ಬರಿದು. ಗೋಡೆಗೊರಗಿದ ಚಂದ್ರಿಕೆಗಳ ಮೇಲೆ ಕಂಬಳಿ, ಕೌದಿಗಳನ್ನು ಇಳಿಬಿಟ್ಟಾಗ ಅಲ್ಲಿ ಚಪ್ಪಾಳೆಯ ಮರುದನಿ ಸತ್ತುಹೋಯಿತು.

ಎಲ್ಲ ಸಿದ್ಧವಾದ ಸಂಜೆ ಅಜ್ಜಿ ಹಾಡಲು ಒಪ್ಪಲಿಲ್ಲ.

“ಮದಲಗಿತ್ತಿ ಇಲ್ದೆ ಸೋಬಾನೆ ಹೇಳ್ತಾರೇನಪ್ಪ? ಬರೀ ಗೋಡೆಗೆ ಹೇಳಾಕೆ ನಂಗೇನು ಹುಚ್ಚಾ?”

ಯಾವ ಅಂಗಡಿಯವನೂ ಇದಕ್ಕೆ ಪರಿಹಾರ ಹೇಳಿರಲಿಲ್ಲ. ಮರುದಿನವೂ ಆಕೆ ಒಪ್ಪಲಿಲ್ಲ. ಹೊಸ ಮರಿಹುಳುಗಳು ಬರಲು ನಾಲ್ಕು ದಿನ ಉಳಿದಿತ್ತು. ಆಕೆಯ ಕೆಮ್ಮು ಚಳಿಯೊಡನೆ ಏರುತ್ತಿತ್ತು. ಹಿಂದೆ ಮದುವೆಗಳಲ್ಲಿ ಆಕೆಯ ಜೊತೆ ಸೊಲ್ಲು ಹಿಡಿಯುತ್ತಿದ್ದ ಇಬ್ಬರಲ್ಲಿ ಒಬ್ಬಳು ತೀರಿಕೊಂಡಿದ್ದಳು, ಇನ್ನೊಬ್ಬಳು ಮಾಲೂರಿನ ಮಗಳ ಮನೆ ಸೇರಿದ್ದಳು. ಮೂರನೆಯ ದಿನ ಅಜ್ಜಿಯೇ ದಾರಿ ತೆರೆದಳು. ಮೊಮ್ಮಗಳ ಐದು ವರ್ಷದ ಕೂಸನ್ನು ಕರೆಸಿ, ರೇಷ್ಮೆಮನೆಯಲ್ಲಿ ಹಸೆ ಬರೆದು, ಮಣೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಹಚ್ಚಿದಳು. “ಈಗ ಹೇಳ್ಬೋದು” ಎಂದಳು. ಮೊಮ್ಮಗಳು ಸೊಲ್ಲು ಹಿಡಿದಳು. ಹಾಡುತ್ತ ಅಜ್ಜಿ ಕೂಸಿನ ಕಡೆಗೇ ಬಾಗುತ್ತಿದ್ದುದರಿಂದ ಯುವಕ ಮೈಕನ್ನು ಹಸೆಯ ಬದಿಗೆ ಸರಿಸಬೇಕಾಯಿತು. ಕೂಸಿನ ಕಾಲ್ಗೆಜ್ಜೆ ಎರಡೂ ಮೈಕುಗಳಲ್ಲಿ ಬಿತ್ತು. ಬಿಚ್ಚಿಸಲು ಅಜ್ಜಿ ಬಿಡಲಿಲ್ಲ, ಅವನೂ ಒತ್ತಾಯಿಸಲಿಲ್ಲ.

ಪ್ರತಿ ಪದದ ಮೊದಲು ಅವನು ಊರು, ತಾರೀಖು, ಹಾಡುವವರ ಹೆಸರು ಹೇಳಿದ. ಎರಡು ಸಂಜೆಗಳಲ್ಲಿ ಹನ್ನೊಂದು ಪದಗಳಾದವು. ಹನ್ನೆರಡನೆಯದರ ನಡುವೆ ಅಜ್ಜಿ ತಡೆದು ನಿಂತಳು; ಮುಂದಿನ ನಾಲ್ಕು ಸೊಲ್ಲು ಮಾಲೂರಿನವಳಿಗೇ ಗೊತ್ತು ಎಂದಳು. ಇಂಟರ್‌ಫೇಸು, ಮೈಕು, ಕೇಬಲ್ಲು ಎಲ್ಲ ಒಂದೇ ಹೆಗಲುಚೀಲದಲ್ಲಿ ಹಿಡಿಸಿದವು. ಮಾಲೂರಿನ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಅವನು ಆ ರಾತ್ರಿಯೇ ವಿಚಾರಿಸಿಕೊಂಡ.