ಫುನಾಫುಟಿಯ ಪುಲಕ ಹಳ್ಳಗಳು

ಫಿಜಿಯ ಸುವಾದಲ್ಲಿ ಕೆಲಸಕ್ಕಿದ್ದಾಗ, ತೊಂಬತ್ತರ ದಶಕದಲ್ಲಿ, ತುವಾಲುವಿನ ರಾಜಧಾನಿ ಫುನಾಫುಟಿಗೆ ಹೋಗಿದ್ದೆ. ಊರಿನ ನಡುವೆಯೇ ರನ್‌ವೇ. ಸಂಜೆಯಾದರೆ ಹುಡುಗರಿಗೆ ಅದೇ ಆಟದ ಬಯಲು. 1943ರಲ್ಲಿ ಅಮೆರಿಕದ ಸೇನೆ ಅದನ್ನು ಕಟ್ಟುವಾಗ ಬೇಕಾದ ಹವಳದ ಕಲ್ಲನ್ನು ಅಲ್ಲಿಯ ನೆಲದಿಂದಲೇ ಅಗೆದು ತೆಗೆಯಿತು. ಗುಂಡಿಗಳನ್ನು ಮುಚ್ಚದೆ ಹೋಯಿತು. ನಾನು ನೋಡಿದಾಗ ಅವುಗಳಲ್ಲಿ ಉಪ್ಪುನೀರು ನಿಂತು ಕಸ ತೇಲುತ್ತಿತ್ತು. ಅಂಚಿನಲ್ಲಿ ಹಂದಿಗೂಡು, ಅದಕ್ಕೆ ಅಂಟಿಕೊಂಡಂತೆ ಬಡವರ ಮನೆಗಳು. ಕಡಲಲ್ಲಿ ಉಬ್ಬರವಾದರೆ ಗುಂಡಿಯ ನೀರೂ ಏರುತ್ತಿತ್ತು, ಎಲ್ಲೂ ಕಾಲುವೆ ಇಲ್ಲದೆ. ನೆಲವೆಲ್ಲ ತೂತು ಹವಳ.

ಇಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೆಳ್ಳಗೆ ನಿಲ್ಲುತ್ತದೆ. ಹಿಂದಿನವರು ಆ ಪದರ ಮುಟ್ಟುವವರೆಗೆ ಹಳ್ಳ ತೋಡಿ, ಸೊಪ್ಪು ಕೊಳೆಸಿ, ಪುಲಕ ಬೆಳೆದರು. ನಮ್ಮ ಕೆಸುವಿನ ಬಳಗದ್ದೇ ಗಡ್ಡೆ. ಗಿಡ ಮಾತ್ರ ಆಳೆತ್ತರ ಮೀರುತ್ತದೆ. ಆಗ ನನಗೆ ಹಳ್ಳ ತೋರಿಸಿದ ಅಜ್ಜಿ ನೀರನ್ನು ಬೊಗಸೆಯಲ್ಲಿ ಎತ್ತಿ, ಉಪ್ಪಾಗಿದೆಯೇ ಎಂದು ನಾಲಿಗೆಗೆ ತಾಗಿಸಿ ನೋಡಿದ್ದರು.

ಈಚೆಗೆ ಮತ್ತೆ ಹೋದಾಗ ಸೇನೆಯ ಗುಂಡಿಗಳಿರಲಿಲ್ಲ. 2015ರಲ್ಲಿ ನ್ಯೂಜಿಲೆಂಡಿನ ನೆರವಿನಿಂದ ಒಳಗಡಲಿನ ಮರಳು ತಂದು ತುಂಬಿದ್ದಾರೆ. ಆಮೇಲೆ ದಡದಲ್ಲಿ ಏಳು ಹೆಕ್ಟೇರಿಗೂ ಹೆಚ್ಚು ಹೊಸ ನೆಲ ಎತ್ತರಿಸಿದ್ದಾರೆ. ಎರಡೂ ಒಳ್ಳೆಯ ಕೆಲಸ. ಪುಲಕ ಹಳ್ಳಗಳಲ್ಲಿ ಮಾತ್ರ ಎಲೆಯಂಚು ಸುಟ್ಟಂತೆ ಕಂದಿತ್ತು. ಕೆಲವಕ್ಕೆ ಗಿಡವೇ ಇರಲಿಲ್ಲ. ಮನೆಗಳಲ್ಲಿ ಉಣ್ಣುವುದು ಹಡಗಿನಲ್ಲಿ ಬಂದ ಅಕ್ಕಿ, ಕುಡಿಯುವುದು ಟ್ಯಾಂಕಿನ ಮಳೆನೀರು. 2011ರಲ್ಲಿ ಮಳೆ ಕೈಕೊಟ್ಟಾಗ ತುರ್ತುಸ್ಥಿತಿಯನ್ನೇ ಸಾರಬೇಕಾಯಿತು.

ತುವಾಲು ಮುಳುಗುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತವೆ. ಆದರೆ 1971ರಿಂದ 2014ರ ನಡುವೆ ಅಲ್ಲಿಯ ನೆಲದ ವಿಸ್ತೀರ್ಣ ಶೇ. 2.9ರಷ್ಟು ಹೆಚ್ಚಿದೆ ಎಂದು ಆಕ್ಲೆಂಡಿನ ಸಂಶೋಧಕರು ಅಳೆದು ಹೇಳಿದ್ದಾರೆ. ಅಲೆಗಳು ಹವಳದ ಚೂರು, ಮರಳು ತಂದು ಅಂಚಿಗೆ ಪೇರಿಸುತ್ತವೆ. 1972ರ ಬೇಬೆ ಚಂಡಮಾರುತ ಒಂದೇ ಹೊಡೆತಕ್ಕೆ ಮೈಲುಗಟ್ಟಲೆ ದಿಬ್ಬ ಎಬ್ಬಿಸಿತ್ತು. ನೆಲ ಹೆಚ್ಚಿದ್ದನ್ನೇ ಹಿಡಿದು ಅಪಾಯವೇ ಇಲ್ಲ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ದೊಡ್ಡ ಉಬ್ಬರದ ದಿನ ಉಪ್ಪುನೀರು ದಡ ದಾಟಿ ಬರಬೇಕಿಲ್ಲ, ಊರ ನಡುವಿನ ನೆಲದಿಂದಲೇ ಜಿನುಗುತ್ತದೆ. ಕಡಲಮಟ್ಟ ಏರಿದಷ್ಟೂ ಅದು ಹೆಚ್ಚುತ್ತದೆ. ಉಪಗ್ರಹದ ಚಿತ್ರದಲ್ಲಿ ದ್ವೀಪ ಅಗಲವಾಗಿಯೇ ಕಾಣುತ್ತಿರುತ್ತದೆ, ಹಳ್ಳದ ಗಡ್ಡೆ ಕೊಳೆಯುತ್ತಿರುತ್ತದೆ.

ತುವಾಲು ಆಸ್ಟ್ರೇಲಿಯಾದೊಂದಿಗೆ 2023ರಲ್ಲಿ ಮಾಡಿಕೊಂಡ ಒಪ್ಪಂದದಂತೆ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. ಇಡೀ ದೇಶದಲ್ಲಿರುವುದು ಹತ್ತು ಸಾವಿರದ ಆಸುಪಾಸಿನ ಜನ. 2025ರಲ್ಲಿ ಮೊದಲ ಸಲ ಚೀಟಿ ಎತ್ತಲು ಅರ್ಜಿ ಕರೆದಾಗ ಸಾವಿರಾರು ಜನ ಹೆಸರು ಕೊಟ್ಟರು.